ರೀಚಾರ್ಜಬಲ್ ಸೆಲ್‌ಗಳ ನಿಜವಾದ ಸಾಮರ್ಥ್ಯವನ್ನು ಅಳೆಯುವ ಬಗೆ

ನಾಲ್ಕು ಸೆಲ್ ಹಾಕಿದ ಟಾರ್ಚ್ ಅರ್ಧ ಗಂಟೆಯಲ್ಲೇ ಮಂಕಾದರೆ ನಾಲ್ಕೂ ಸೆಲ್‌ಗಳು ಹಾಳಾದವೆಂದು ಎಸೆದುಬಿಡುವವರು ಅನೇಕರಿದ್ದಾರೆ. ಆದರೆ ಎಷ್ಟೋ ಸಲ ಅವುಗಳಲ್ಲಿ ಒಂದು ಮಾತ್ರ ದುರ್ಬಲವಾಗಿದ್ದು, ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿರುವ ಕಾರಣ ಉಳಿದ ಮೂರರಲ್ಲಿರುವ ಶಕ್ತಿಯೂ ಬಳಕೆಗೆ ಸಿಗದೆ ಹೋಗಿರುತ್ತದೆ. ಆ ಒಂದನ್ನು ಪತ್ತೆ ಹಚ್ಚಬೇಕಾದರೆ ಪ್ರತಿಯೊಂದು ಸೆಲ್‌ನ ಸಾಮರ್ಥ್ಯವನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಇದು ಕಷ್ಟದ ಕೆಲಸವಲ್ಲ. ತಾಳ್ಮೆ ಬೇಕು, ಅಷ್ಟೆ. ಇಲ್ಲಿ ಮುಖ್ಯವಾಗಿ ಎಎ ಮತ್ತು ಎಎಎ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ವಿಷಯವನ್ನು ಹೇಳಿದ್ದೇನೆ.

ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ ಸೆಲ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಬಹಳ ಸಾಮಾನ್ಯವಾದ ತಪ್ಪು. ನಿಕಲ್ ಸೆಲ್‌ನ ವೋಲ್ಟೇಜ್ ತುಂಬಿದ ಸ್ಥಿತಿಯಲ್ಲಿ ಸುಮಾರು 1.4 ಇರುತ್ತದೆ, ಬಳಕೆ ಆರಂಭವಾದ ಕೂಡಲೇ 1.2ರ ಆಸುಪಾಸಿಗೆ ಇಳಿದು, ಬಹುಪಾಲು ಖಾಲಿಯಾಗುವವರೆಗೂ ಅಲ್ಲೇ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಸಾಮರ್ಥ್ಯದಲ್ಲಿ ಅರ್ಧವನ್ನು ಕಳೆದುಕೊಂಡ ಹಳೆಯ ಸೆಲ್ ಕೂಡ ಚಾರ್ಜರ್‌ನಿಂದ ಹೊರತೆಗೆದಾಗ ಹೊಸದರಷ್ಟೇ ವೋಲ್ಟೇಜ್ ತೋರಿಸಬಲ್ಲದು. ಚಾರ್ಜ್ ಮಾಡುವಾಗ ಒಳಹೋದ ಪ್ರಮಾಣವನ್ನೂ ನಂಬುವಂತಿಲ್ಲ, ಏಕೆಂದರೆ ಅದರ ಒಂದು ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಆದ್ದರಿಂದ ಸೆಲ್ಲನ್ನು ಪೂರ್ತಿ ತುಂಬಿಸಿ, ಗೊತ್ತಿರುವ ಪ್ರಮಾಣದ ಕರೆಂಟನ್ನು ಅದರಿಂದ ಎಳೆಯುತ್ತಾ, ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದೇ ನಂಬಬಹುದಾದ ದಾರಿ. ಸೆಲ್ ಮೇಲೆ ಬರೆದಿರುವ ಎಂಎಎಚ್, ಅಂದರೆ ಮಿಲಿ ಆಂಪಿಯರ್ ಗಂಟೆ, ಇದನ್ನೇ ಸೂಚಿಸುತ್ತದೆ: 400 ಮಿಲಿ ಆಂಪಿಯರ್ ಕರೆಂಟನ್ನು ಐದು ಗಂಟೆ ಕೊಟ್ಟ ಸೆಲ್‌ನ ಸಾಮರ್ಥ್ಯ 2000 ಎಂಎಎಚ್.

ಈ ಸೆಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61951-2 ಇದಕ್ಕೊಂದು ಕ್ರಮವನ್ನು ನಿಗದಿಪಡಿಸಿದೆ. ಖಾಲಿಯಾದ ಸೆಲ್ಲನ್ನು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ 16 ಗಂಟೆ ಚಾರ್ಜ್ ಮಾಡಿ, ಒಂದರಿಂದ ನಾಲ್ಕು ಗಂಟೆ ಹಾಗೆಯೇ ಬಿಟ್ಟು, ನಂತರ ಐದನೇ ಒಂದು ಭಾಗದ ಕರೆಂಟಿನಲ್ಲಿ ವೋಲ್ಟೇಜ್ 1.0ಕ್ಕೆ ಇಳಿಯುವವರೆಗೆ ಡಿಸ್ಚಾರ್ಜ್ ಮಾಡಬೇಕು. ಸುತ್ತಲಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗಿರಬೇಕು. ಮನೆಯಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸಬೇಕಾದ ಅಗತ್ಯವಿಲ್ಲ. ತಾನಾಗಿಯೇ ನಿಲ್ಲುವ ಉತ್ತಮ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಬಿಸಿ ಆರುವವರೆಗೆ ಒಂದು ಗಂಟೆ ಬಿಟ್ಟರೆ ಸಾಕು. ಆದರೆ ಎಲ್ಲ ಸೆಲ್‌ಗಳನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಬೇಕೆಂಬ ನಿಯಮವನ್ನು ಮಾತ್ರ ಸಡಿಲಿಸಬಾರದು, ಏಕೆಂದರೆ ಹೆಚ್ಚು ಕರೆಂಟ್ ಎಳೆದಷ್ಟೂ ಸಿಗುವ ಸಂಖ್ಯೆ ಕಡಿಮೆಯಾಗುತ್ತದೆ.

ಸಾಮರ್ಥ್ಯವನ್ನು ಅಳೆದು ತೋರಿಸುವ ಚಾರ್ಜರ್‌ಗಳು ಸಿಗುತ್ತವೆ, ಮತ್ತು ಹತ್ತಾರು ಸೆಲ್‌ಗಳಿರುವವರಿಗೆ ಅದೇ ಸರಿಯಾದ ಸಾಧನ. ಅದನ್ನು ಬಳಸುವಾಗ ಒಂದೇ ಎಚ್ಚರ: ಪರದೆಯ ಮೇಲೆ ಕಾಣುವ ಸಂಖ್ಯೆ ಚಾರ್ಜ್ ಆದದ್ದೋ ಡಿಸ್ಚಾರ್ಜ್ ಆದದ್ದೋ ಎಂಬುದನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಂಡು, ಡಿಸ್ಚಾರ್ಜ್ ಆದದ್ದನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು.

ಅಂಥ ಚಾರ್ಜರ್ ಇಲ್ಲದವರು ಒಂದು ಸೆಲ್ ಹಿಡಿಯುವ ಹೋಲ್ಡರ್, ಒಂದು ರೆಸಿಸ್ಟರ್ (ಕರೆಂಟಿಗೆ ರೋಧ, ಅಂದರೆ ತಡೆ, ಒಡ್ಡುವ ಬಿಡಿಭಾಗ; ರೋಧದ ಅಳತೆ ಓಮ್), ಮಲ್ಟಿಮೀಟರ್ ಮತ್ತು ಗಡಿಯಾರ ಇಟ್ಟುಕೊಂಡು ಇದೇ ಕೆಲಸವನ್ನು ಮಾಡಬಹುದು. ನನಗೆ ಈ ವಿಧಾನವೇ ಹೆಚ್ಚು ಇಷ್ಟ, ಏಕೆಂದರೆ ಸೆಲ್ ಹೇಗೆ ಖಾಲಿಯಾಗುತ್ತದೆ ಎಂಬುದು ಇದರಲ್ಲಿ ಕಣ್ಣೆದುರೇ ಕಾಣುತ್ತದೆ. 2000 ಎಂಎಎಚ್‌ನ ಎಎ ಸೆಲ್‌ಗೆ 3.3 ಓಮ್ ರೆಸಿಸ್ಟರ್ ಹೊಂದುತ್ತದೆ. 800ರ ಆಸುಪಾಸಿನ ಎಎಎ ಸೆಲ್‌ಗೆ 6.8 ಓಮ್ ಸಾಕು. ಎಎ ಸೆಲ್‌ನ ಪರೀಕ್ಷೆಯಲ್ಲಿ ರೆಸಿಸ್ಟರ್ ಸುಮಾರು ಅರ್ಧ ವ್ಯಾಟ್ ಶಾಖವನ್ನು ಗಂಟೆಗಟ್ಟಲೆ ಹೊರಹಾಕುವುದರಿಂದ ಕಾಲು ವ್ಯಾಟಿನ ಚಿಕ್ಕ ರೆಸಿಸ್ಟರ್ ಸುಟ್ಟುಹೋಗುತ್ತದೆ. ಎರಡು ವ್ಯಾಟ್ ಅಥವಾ ಅದಕ್ಕೂ ದೊಡ್ಡದನ್ನು ಆರಿಸಿ, ಪ್ಲಾಸ್ಟಿಕ್‌ಗೆ ತಾಗದಂತೆ ಇಡಬೇಕು.

ರೆಸಿಸ್ಟರ್‌ನ ಓಮ್ ಪ್ರಮಾಣದಲ್ಲಿರುವ ತಪ್ಪು ನೇರವಾಗಿ ಉತ್ತರಕ್ಕೆ ಇಳಿಯುತ್ತದೆ. ಶೇಕಡಾ 5ರಷ್ಟು ವ್ಯತ್ಯಾಸವಿರಬಹುದೆಂದು ಗುರುತು ಹಾಕಿದ ರೆಸಿಸ್ಟರ್ ಬಳಸಿದರೆ ಸಾಮರ್ಥ್ಯದ ಲೆಕ್ಕವೂ ಅಷ್ಟೇ ತಪ್ಪಬಹುದು. ಅದನ್ನು ಮಲ್ಟಿಮೀಟರ್‌ನಲ್ಲಿ ಅಳೆಯುವುದಾದರೆ ಮೊದಲು ಮೀಟರ್‌ನ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಆಗ ಕಾಣುವ ಕೆಲವು ದಶಾಂಶ ಓಮ್‌ಗಳನ್ನು ಕಳೆಯಬೇಕು. ಮೂರು ಓಮ್‌ನ ಎದುರು ಅದು ನಿರ್ಲಕ್ಷಿಸುವಷ್ಟು ಚಿಕ್ಕದಲ್ಲ. ಇದೇ ಕಾರಣಕ್ಕೆ ಮೀಟರನ್ನು ಕರೆಂಟ್ ಅಳೆಯುವ ಸ್ಥಾನಕ್ಕೆ ತಿರುಗಿಸಿ ಸರ್ಕ್ಯೂಟಿನ ಮಧ್ಯೆ ಸೇರಿಸಬಾರದು: ಮೀಟರ್‌ನ ಒಳಗಿನ ರೋಧವೂ ತಂತಿಗಳ ರೋಧವೂ ಸೇರಿ ಪರೀಕ್ಷೆಯ ಸ್ವರೂಪವೇ ಬದಲಾಗುತ್ತದೆ. ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದು, ರೋಧದಿಂದ ಭಾಗಿಸಿ ಕರೆಂಟನ್ನು ತಿಳಿಯುವುದೇ ಉತ್ತಮ.

ಜೋಡಣೆ ಮುಗಿದ ಮೇಲೆ ಸಮಯವನ್ನು ಬರೆದುಕೊಂಡು, ಮೊದಲ ಮೂರು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ವೋಲ್ಟೇಜನ್ನು ದಾಖಲಿಸಬೇಕು. ಅದು 1.15ಕ್ಕೆ ಬಂದ ನಂತರ ಐದು ನಿಮಿಷಕ್ಕೊಮ್ಮೆಯಾದರೂ ನೋಡುತ್ತಿರಬೇಕು, ಏಕೆಂದರೆ ಅಲ್ಲಿಂದ ಮುಂದಿನ ಇಳಿತ ಬಹಳ ವೇಗವಾಗಿರುತ್ತದೆ. ಸೆಲ್‌ನ ತುದಿಗಳಲ್ಲೇ ಅಳೆದ ವೋಲ್ಟೇಜ್ 1.0 ಮುಟ್ಟಿದೊಡನೆ ಸೆಲ್ಲನ್ನು ಬಿಡಿಸಬೇಕು. ದಾಖಲೆಯ ಸರಾಸರಿ 1.23 ವೋಲ್ಟ್ ಇದ್ದರೆ, 3.3 ಓಮ್‌ನಲ್ಲಿ ಸರಾಸರಿ ಕರೆಂಟ್ 373 ಮಿಲಿ ಆಂಪಿಯರ್ ಆಗುತ್ತದೆ. ಐದು ಗಂಟೆ ನಡೆದಿದ್ದರೆ ಸಾಮರ್ಥ್ಯ ಸುಮಾರು 1865 ಎಂಎಎಚ್, ಅಂದರೆ 2000ದ ಶೇಕಡಾ 93. ಸರಾಸರಿ ತೆಗೆಯುವಾಗ ಐದು ನಿಮಿಷದ ಅಂತರದ ಅಂಕಿಗಳಿಗೆ 15 ನಿಮಿಷದವುಗಳಷ್ಟೇ ತೂಕ ಕೊಡಬಾರದು. ಪ್ರತಿ ಅವಧಿಯ ಕರೆಂಟನ್ನು ಆ ಅವಧಿಯಿಂದ ಗುಣಿಸಿ ಕೂಡುವುದು ಹೆಚ್ಚು ಸರಿ.

ತಿಂಗಳುಗಟ್ಟಲೆ ಬಳಸದೆ ಇಟ್ಟಿದ್ದ ಸೆಲ್ ಮೊದಲ ಸುತ್ತಿನಲ್ಲಿ ಕಡಿಮೆ ತೋರಿಸಿದರೆ ಅದನ್ನು ಕೂಡಲೇ ತಿರಸ್ಕರಿಸಬೇಡಿ. ಎರಡು ಮೂರು ಸಲ ತುಂಬಿಸಿ ಖಾಲಿ ಮಾಡಿದ ಮೇಲೆ ಅಂಥ ಸೆಲ್‌ಗಳು ಗಮನಾರ್ಹವಾಗಿ ಚೇತರಿಸಿಕೊಳ್ಳುವುದುಂಟು. ಅದಾದ ಮೇಲೂ ಶೇಕಡಾ 80ಕ್ಕಿಂತ ಕೆಳಗಿರುವುದನ್ನು ಕ್ಯಾಮೆರಾ ಫ್ಲ್ಯಾಷ್ ಮತ್ತು ಟಾರ್ಚ್‌ಗಳಿಂದ ತೆಗೆದು, ಗೋಡೆ ಗಡಿಯಾರ ಅಥವಾ ರಿಮೋಟ್‌ಗೆ ಹಾಕಬಹುದು. ಶೇಕಡಾ 60ಕ್ಕೂ ಕಡಿಮೆಯಾದರೆ ಅದನ್ನು ಮರುಬಳಕೆಗೆ ಸಂಗ್ರಹಿಸುವ ಕಡೆ ಕೊಡುವುದೇ ಲೇಸು. ಒಟ್ಟಿಗೆ ಬಳಸುವ ಸೆಲ್‌ಗಳನ್ನು ಒಂದೇ ಅಳತೆಯವಾಗಿ ಗುಂಪು ಮಾಡುವುದು ಈ ಎಲ್ಲ ಶ್ರಮದ ಅತಿ ದೊಡ್ಡ ಪ್ರಯೋಜನವೆಂಬುದು ನನ್ನ ಅನುಭವ: ಸರಣಿಯಲ್ಲಿ ಮೊದಲು ಖಾಲಿಯಾದ ಸೆಲ್ ಮೂಲಕ ಉಳಿದವುಗಳ ಕರೆಂಟ್ ಹರಿಯುತ್ತಲೇ ಇದ್ದು, ಅದರ ಧ್ರುವಗಳು ತಿರುಗುಮುರುಗಾಗಿ ಅದು ಶಾಶ್ವತವಾಗಿ ಕೆಡುತ್ತದೆ.

ಲಿಥಿಯಂ ಅಯಾನ್ ಸೆಲ್‌ಗಳ ಮೇಲೆ ರೆಸಿಸ್ಟರ್ ವಿಧಾನವನ್ನು ಪ್ರಯೋಗಿಸಬೇಡಿ. ಅವು ಮಿತಿಗಿಂತ ಕೆಳಗಿಳಿದರೆ ಒಳಗೆ ಹಾನಿಯಾಗಿ, ಮತ್ತೆ ಚಾರ್ಜ್ ಮಾಡುವಾಗ ಅಪಾಯಕಾರಿಯಾಗಬಹುದು. ತಾನಾಗಿಯೇ ನಿಲ್ಲುವ ಪರೀಕ್ಷಾ ಚಾರ್ಜರ್ ಅವಕ್ಕೆ ಕಡ್ಡಾಯ. 1.5 ವೋಲ್ಟಿನ ಲಿಥಿಯಂ ಎಎ ಸೆಲ್‌ಗಳ ಮೇಲೆ ಎಂಎಎಚ್ ಬದಲು ಮಿಲಿ ವ್ಯಾಟ್ ಗಂಟೆಯಲ್ಲಿ ಬರೆದಿರುವುದುಂಟು. ಅದನ್ನು 1.5ರಿಂದ ಭಾಗಿಸಿಯೇ ಹೋಲಿಸಬೇಕು. ಅಲ್ಲಿ 3000 ಎಂದಿದ್ದರೆ ಅದು 2000 ಎಂಎಎಚ್‌ಗೆ ಸಮ.

ಬಳಸದಿದ್ದರೂ ಸೆಲ್‌ನಲ್ಲಿರುವ ಚಾರ್ಜ್ ತನ್ನಷ್ಟಕ್ಕೇ ಸೋರಿಹೋಗುವುದು ಇನ್ನೊಂದು ದೋಷ, ಮತ್ತು ಮೇಲಿನ ಪರೀಕ್ಷೆಯಲ್ಲಿ ಅದು ಕಾಣಿಸುವುದಿಲ್ಲ. ಅದನ್ನು ತಿಳಿಯಲು ಅಳತೆ ಗೊತ್ತಿರುವ ಸೆಲ್ಲನ್ನು ಪೂರ್ತಿ ತುಂಬಿಸಿ, ದಿನಾಂಕ ಬರೆದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ, ಒಂದು ತಿಂಗಳು ಪಕ್ಕಕ್ಕಿಟ್ಟು, ಮತ್ತೆ ಚಾರ್ಜ್ ಮಾಡದೆಯೇ ಡಿಸ್ಚಾರ್ಜ್ ಪರೀಕ್ಷೆ ನಡೆಸಬೇಕು. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ಹೆಸರಿನಲ್ಲಿ ತಂದ ನಿಧಾನವಾಗಿ ಸೋರುವ ಬಗೆಯ ಸೆಲ್‌ಗಳಲ್ಲಿ ಈ ನಷ್ಟ ತೀರ ಕಡಿಮೆ ಇರುತ್ತದೆ. ಒಂದೇ ತಿಂಗಳಲ್ಲಿ ಅರ್ಧಕ್ಕರ್ಧ ಕಳೆದುಕೊಂಡ ಸೆಲ್, ಚಾರ್ಜರ್‌ನಿಂದ ತೆಗೆದ ದಿನ ಎಷ್ಟೇ ಒಳ್ಳೆಯ ಸಂಖ್ಯೆ ಕೊಟ್ಟಿದ್ದರೂ, ಗಡಿಯಾರಕ್ಕೂ ರಿಮೋಟ್‌ಗೂ ತಕ್ಕುದಲ್ಲ.