ಕಾದಂಬರಿ ಓದಿ ಸಿನಿಮಾ ನೋಡುವ ಕೂಟ ನಡೆಸುವುದು ಹೇಗೆ?

ಉಡುಪಿಯ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಶುರುವಿಗೆ ತ್ರಿವೇಣಿಯವರ ‘ಬೆಳ್ಳಿಮೋಡ’ ಇಟ್ಟುಕೊಳ್ಳಿ; ಪುಟ್ಟಣ್ಣ ಕಣಗಾಲರು ಅದನ್ನು 1967ರಲ್ಲಿ ತೆರೆಗೆ ತಂದರು.

ಓದಿಗೆ ಮೂರು ವಾರ ಕೊಡಿ. ಸಿನಿಮಾ ಮೊದಲು ನೋಡಿದರೆ ಕೆಟ್ಟಿತು: ಆಮೇಲೆ ಪುಸ್ತಕ ಹಿಡಿದಾಗ ನಾಯಕಿ ಇಂದಿರೆಯ ಪಾತ್ರ ಮಾಡಿದ ಕಲ್ಪನಾ ಅವರ ಮುಖವೇ ಕಾಣುತ್ತದೆ, ನಿಮ್ಮದೇ ಇಂದಿರೆ ಹುಟ್ಟುವುದೇ ಇಲ್ಲ. ಓದುವಾಗ ಪ್ರತಿಯೊಬ್ಬರೂ ಐದೇ ಐದು ಸನ್ನಿವೇಶಗಳನ್ನು ಪುಟಸಂಖ್ಯೆ ಸಮೇತ ಗುರುತು ಹಾಕಲಿ. ಮಾತಿಲ್ಲದೆ ಬರೀ ಮನಸ್ಸಿನೊಳಗೆ ನಡೆಯುವಂಥವಾದರೆ ಒಳ್ಳೆಯದು, ಕ್ಯಾಮೆರಾಕ್ಕೆ ಕಷ್ಟವಾಗುವುದೇ ಅಲ್ಲಿ. ಪುಸ್ತಕದಲ್ಲಿ ಒಂದು ಪುಟ ಹಿಡಿಯುವ ತಳಮಳ ತೆರೆಯ ಮೇಲೆ ಒಂದು ನೋಟವೋ ಮೌನವೋ ಹಾಡೋ ಆಗಬೇಕು. ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆ ಈ ಚಿತ್ರದಲ್ಲಿ ಹಾಡಾಗಿದೆ. ಅದು ಬಂದಾಗ ಯಾರೂ ಮಾತಾಡದೆ ಕೇಳಿ. ಕತೆಗೆ ಅದು ಏನು ಕೊಟ್ಟಿತು ಎಂಬುದು ಆಮೇಲಿನ ಚರ್ಚೆ.

ಶೀಟಿನ ಮಾಡಿನಡಿ ಪ್ರದರ್ಶನ ಬೇಡವೇ ಬೇಡ, ಮಳೆಯ ಸದ್ದಿಗೆ ಸಂಭಾಷಣೆ ಮುಳುಗುತ್ತದೆ. ಪ್ರೊಜೆಕ್ಟರಿನೊಳಗಿನ ಸ್ಪೀಕರ್ ಸಾಲದು. ಬೇರೆ ಸ್ಪೀಕರನ್ನು ತೆರೆಯ ಪಕ್ಕದಲ್ಲಿಡಿ. ಕಪ್ಪು-ಬಿಳುಪು ಚಿತ್ರ, ಕಿಟಕಿಯ ಬೆಳಕು ತುಸು ಬಿದ್ದರೂ ಕಪ್ಪೆಲ್ಲ ಬೂದಿಯಾಗಿ ಮುಖದ ನೆರಳು ಮಾಯವಾಗುತ್ತದೆ. ದಪ್ಪ ಪರದೆ ಕಟ್ಟಿ.

ಸಾರ್ವಜನಿಕ ಸಭಾಂಗಣವಾದರೆ ಹಕ್ಕುದಾರರ ಅನುಮತಿ ಪಡೆಯಿರಿ. ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಈ ಚಿತ್ರದ್ದು 2027ರ ಕೊನೆಯವರೆಗೂ ಇದೆ.

ಚರ್ಚೆಯನ್ನು ಕೊನೆಯ ದೃಶ್ಯದಿಂದ ಹಿಂದಕ್ಕೆ ನಡೆಸಿ. ನಿಶ್ಚಯವಾದ ಮದುವೆ ಮುರಿದುಕೊಂಡಿದ್ದ ಮೋಹನ ಮರಳಿ ಬಂದರೂ ಇಂದಿರೆ ಒಲ್ಲೆ ಎನ್ನುತ್ತಾಳಲ್ಲ, ಆ ನಿರ್ಧಾರದ ಬೀಜ ಪುಸ್ತಕದ ಯಾವ ಪುಟದಲ್ಲಿ, ಚಿತ್ರದ ಯಾವ ದೃಶ್ಯದಲ್ಲಿ ಬಿತ್ತು ಎಂದು ಹುಡುಕಿ.