ಸಾಗವಾನಿ ನೆಲಕ್ಕೆ ಕಚ್ಚಿದ್ದ ಕಾರ್ಪೆಟ್ ಗೋಂದು ತೆಗೆದದ್ದು

ಪಣಜಿಯಲ್ಲಿ ನಾವಿರುವ ಹಳೇ ಮನೆಯ ಮಹಡಿಯಲ್ಲಿ ಸಾಗವಾನಿ ಹಲಗೆಯ ನೆಲ. ಕಾರ್ಪೆಟ್ ಕಿತ್ತರೆ ಕೆಳಗಿನ ಫೋಮ್ ಪುಡಿಯಾಗಿ ಹಲಗೆಗೇ ಕಚ್ಚಿತ್ತು, ಹಳದಿ ಗೋಂದು ಚಪ್ಪಲಿಗೆ ಅಂಟುತ್ತಿತ್ತು. ಬಿಸಿನೀರಿಗೆ ಫೋಮ್ ಮಾತ್ರ ಬಂತು, ಜೊತೆಗೆ ಹಲಗೆಯ ಅಂಚು ಉಬ್ಬಿತು. ಸ್ಯಾಂಡರ್ (ಮರ ಉಜ್ಜುವ ಯಂತ್ರ) ಹಾಕಿದರೆ ಗೋಂದು ಕರಗಿ ಎರಡೇ ನಿಮಿಷಕ್ಕೆ ಅದರ ಉಜ್ಜುಕಾಗದ ಜಿಡ್ಡುಗಟ್ಟಿತು. ಸುಮ್ನೆ ದಂಡ.

ಕೆಲಸ ಮಾಡಿದ್ದು ಪೇಂಟ್ ಅಂಗಡಿಯ ಟರ್ಪೆಂಟೈನ್. ಮೊದಲು ಸ್ಟೇಪಲ್ ಪಿನ್ನುಗಳನ್ನೆಲ್ಲ ಇಕ್ಕಳದಲ್ಲಿ ಕಿತ್ತೆ. ಹಳೇ ಬನಿಯನ್ನನ್ನು ಟರ್ಪೆಂಟೈನಿನಲ್ಲಿ ಅದ್ದಿ ಎರಡಡಿ ಜಾಗಕ್ಕೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ 20 ನಿಮಿಷ ಬಿಟ್ಟೆ. ಮುಚ್ಚದಿದ್ದರೆ ಆರಿಹೋಗುತ್ತದೆ, ಗುಟ್ಟು ಅಲ್ಲೇ ಇರೋದು. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಮರದ ಗೆರೆಯ ಉದ್ದಕ್ಕೇ ಕೆರೆದರೆ ಗೋಂದು ಹಾಲಿನ ಕೆನೆಯ ಹಾಗೆ ಮಡಚಿಕೊಂಡು ಬರುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ. ಗೋಂದು ಕಪ್ಪಗಿದ್ದರೆ ಸ್ಯಾಂಡರ್ ಮುಟ್ಟಲೇಬೇಡಿ, ಹಳೇದರಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ನಾರು ಇರಬಹುದು.