ಹನ್ನೆರಡು ಕೌನ್ಸಿಲ್ ಎರಡಾಗುವಾಗ: ಇಂಗ್ಲೆಂಡಿನ ಸರ್ರೆಯಲ್ಲಿರುವ ಕನ್ನಡಿಗರು ನೋಡಿಕೊಳ್ಳಬೇಕಾದ್ದು

ಮೊದಲು ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಮನೆ ಲೆಕ್ಕದಲ್ಲಿ ಕಟ್ಟುವ ತೆರಿಗೆಯ ಬಿಲ್ಲು ತೆಗೆದಿಡಿ. ಮೇಲ್ಗಡೆ ವೋಕಿಂಗ್, ಎಲ್ಮ್‌ಬ್ರಿಡ್ಜ್ ಅಂತ ನಿಮ್ಮ ಊರಿನ ಕೌನ್ಸಿಲ್ ಹೆಸರೇ ಇರುತ್ತದೆ. ಒಳಗಿನ ಸಾಲು ಓದಿದರೆ ಗೊತ್ತಾಗುತ್ತದೆ: ಸುಮಾರು ಮುಕ್ಕಾಲು ಪಾಲು ದುಡ್ಡು ಸರ್ರೆ ಕೌಂಟಿಗೆ, ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ಬಿಲ್ಲು ಕಳಿಸಿದ ಕೌನ್ಸಿಲ್‌ಗೆ, ಮಿಕ್ಕಿದ್ದು ಪೊಲೀಸಿಗೆ. ಕೌಂಟಿ ಕೌನ್ಸಿಲ್ ಒಂದು, ಅದರ ಕೆಳಗೆ ಊರಿನ ಕೌನ್ಸಿಲ್‌ಗಳು ಹನ್ನೊಂದು. ಈ ಹನ್ನೆರಡೂ 2027ರ ಏಪ್ರಿಲ್ 1ರಂದು ಹೋಗಿ ಈಸ್ಟ್ ಸರ್ರೆ, ವೆಸ್ಟ್ ಸರ್ರೆ ಎಂಬ ಎರಡೇ ಉಳಿಯುತ್ತವೆ. ನಮ್ಮ ಲೆಕ್ಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸೇರಿಸಿ ಒಂದೇ ಕಚೇರಿ ಮಾಡಿದ ಹಾಗೆ. ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್‌ಗಳು ಇದರಿಂದ ಮುಚ್ಚುವುದಿಲ್ಲ.

ಎಲ್ಮ್‌ಬ್ರಿಡ್ಜ್, ಎಪ್ಸಮ್ ಅಂಡ್ ಯೂವೆಲ್, ಮೋಲ್ ವ್ಯಾಲಿ, ರೈಗೇಟ್ ಅಂಡ್ ಬ್ಯಾನ್‌ಸ್ಟೆಡ್, ಟ್ಯಾಂಡ್ರಿಜ್ ಪೂರ್ವಕ್ಕೆ ಸೇರುತ್ತವೆ. ಗಿಲ್ಫರ್ಡ್, ರನ್ನಿಮೀಡ್, ಸ್ಪೆಲ್‌ಥಾರ್ನ್, ಸರ್ರೆ ಹೀತ್, ವೇವರ್ಲಿ, ವೋಕಿಂಗ್ ಪಶ್ಚಿಮಕ್ಕೆ.

ಹೊಸ ಕೌನ್ಸಿಲ್‌ಗಳ ಮೊದಲ ಚುನಾವಣೆಯ ದಿನ 2026ರ ಮೇ 7. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ಮೇಲೆ ಇರುವವರಿಗೂ ಇದರಲ್ಲಿ ಮತವಿದೆ, ಏಕೆಂದರೆ ಭಾರತ ಕಾಮನ್‌ವೆಲ್ತ್ ದೇಶ. ಎಷ್ಟೋ ಮಂದಿ ಇದು ಬ್ರಿಟಿಷ್ ಪೌರರ ಕೆಲಸವೆಂದು ಮತದಾರರ ಪಟ್ಟಿಗೆ ಹೆಸರನ್ನೇ ಸೇರಿಸಿರುವುದಿಲ್ಲ. ನೋಂದಣಿಗೆ ಕೊನೆ ಗಡುವು ಮತದಾನಕ್ಕೆ 12 ಕೆಲಸದ ದಿನ ಮುಂಚೆ, ಅಂದರೆ ಏಪ್ರಿಲ್ 20ರ ನಡುರಾತ್ರಿ. ಮತಗಟ್ಟೆಗೆ ಫೋಟೋ ಇರುವ ಗುರುತು ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಫೋಟೋದಲ್ಲಿರುವುದು ನೀವೇ ಅಂತ ಕಂಡರೆ ಸಾಕು. ಒಂದೊಂದು ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಆದ್ದರಿಂದ ಎರಡು ಮತ ಹಾಕಬಹುದು.

ಗೆದ್ದವರು ಕೂಡಲೇ ಆಡಳಿತ ನಡೆಸುವುದಿಲ್ಲ. ಸುಮಾರು ಹನ್ನೊಂದು ತಿಂಗಳು ಅವರದು ತಯಾರಿಯ ಕೌನ್ಸಿಲ್. 2027ರ ಮಾರ್ಚ್ 31ರ ತನಕ ರಸ್ತೆ ಗುಂಡಿ, ಶಾಲಾ ಸೀಟು, ಗ್ರಂಥಾಲಯಕ್ಕೆ ಕೌಂಟಿಯನ್ನೇ ಕೇಳಿ. ಬಿನ್, ಮನೆ ಕಟ್ಟುವ ಅನುಮತಿ, ಟ್ಯಾಕ್ಸ್ ಬಿಲ್ಲಿಗೆ ಹಳೆಯ ಕೆಳ ಕೌನ್ಸಿಲ್.

ಇನ್ನು ದುಡ್ಡಿನ ಮಾತು. ತಪ್ಪು ತಿಳಿವಳಿಕೆ ಹೆಚ್ಚು ಇರುವುದು ಇಲ್ಲೇ. ಮನೆಯ ಬ್ಯಾಂಡ್, ಅಂದರೆ ಬೆಲೆ ನೋಡಿ ತೆರಿಗೆಗಾಗಿ ಮಾಡಿದ ದರ್ಜೆ, ಬದಲಾಗುವುದಿಲ್ಲ. ಅದು 1991ರ ಬೆಲೆಗೆ ಕಟ್ಟಿದ್ದು. ಬದಲಾಗುವುದು ದರ. ಕೌಂಟಿಯ ಪಾಲು ಎಲ್ಲರಿಗೂ ಒಂದೇ ಇತ್ತು, ಕೆಳಗಿನವರ ಪಾಲು ಬೇರೆ ಬೇರೆ. ಉದಾಹರಣೆಗೆ ಒಂದು ಊರಲ್ಲಿ ಬ್ಯಾಂಡ್ ಡಿಗೆ 200 ಪೌಂಡ್, ಪಕ್ಕದೂರಲ್ಲಿ 260, ಎರಡರಲ್ಲೂ ಸಮ ಮನೆಗಳು ಎಂದಿಟ್ಟುಕೊಳ್ಳಿ. ಸರಾಸರಿ 230. ಅಗ್ಗದ ಊರಿನವರಿಗೆ ವಾರ್ಷಿಕ ಏರಿಕೆಯ ಮೇಲೆ ಇನ್ನೂ 30 ಏರುತ್ತದೆ, ದುಬಾರಿ ಊರಿನವರಿಗೆ ಅಷ್ಟೇ ಇಳಿಯುತ್ತದೆ. ಒಂದೇ ವರ್ಷದಲ್ಲಿ ಸರಿಗಟ್ಟಬಹುದು, ಗರಿಷ್ಠ ಏಳು ವರ್ಷ ಎಳೆಯಲೂಬಹುದು. ಜನಮತ ಕೇಳದೆ ಏರಿಸುವ ಮಿತಿಯನ್ನು ಸರಾಸರಿಯ ಮೇಲೆ ಲೆಕ್ಕ ಹಾಕುವುದರಿಂದ, ಅಗ್ಗದ ಊರಿನ ಒಂದು ಮನೆಗೆ ಅದಕ್ಕಿಂತ ಹೆಚ್ಚು ಬಿದ್ದರೂ ಕಾನೂನು ತಪ್ಪಾಗುವುದಿಲ್ಲ. ಈಗಲೇ ನಿಮ್ಮ ಬಿಲ್ಲಿನ ಕೆಳ ಕೌನ್ಸಿಲ್ ಸಾಲನ್ನು ಅಕ್ಕಪಕ್ಕದವರದರ ಜೊತೆ ಹೋಲಿಸಿ ನೋಡಿ.

ಆಸ್ತಿಯ ಜೊತೆ ಸಾಲವೂ ಹೊಸ ಕೌನ್ಸಿಲ್‌ಗೆ ಬರುತ್ತದೆ. 2023ರ ಜೂನ್‌ನಲ್ಲಿ ಖರ್ಚು ನಿಭಾಯಿಸಲಾರೆ ಎಂದು ಘೋಷಿಸಿದ ವೋಕಿಂಗ್‌ನ ಸಾಲದಲ್ಲಿ 50 ಕೋಟಿ ಪೌಂಡ್ ತೀರಿಸುವುದಾಗಿ ಸರ್ಕಾರ ಹೇಳಿದೆ. ಉಳಿದದ್ದರ ಪ್ರಶ್ನೆಯನ್ನು ವೆಸ್ಟ್ ಸರ್ರೆಯ ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ ಕೇಳಿ.

ಮನೆ ಹಿಂದೆ ರೂಮು ಹಾಕಿಸಿದ್ದೀರಾ? ಅನುಮತಿ ಪತ್ರ, ನಕ್ಷೆ, ಕೆಲಸ ಮುಗಿದ ಬಿಲ್ಡಿಂಗ್ ಕಂಟ್ರೋಲ್ ಸರ್ಟಿಫಿಕೇಟ್ ಎಲ್ಲವನ್ನೂ ಈಗಲೇ ಇಳಿಸಿಟ್ಟುಕೊಳ್ಳಿ. ಅನುಮತಿ ರದ್ದಾಗುವುದಿಲ್ಲ, ಬಾಕಿ ಅರ್ಜಿಯೂ ಹೊಸಬರಿಗೆ ಹೋಗುತ್ತದೆ. ಆದರೆ ಹಳೆಯ ವೆಬ್‌ಸೈಟ್ ಮುಚ್ಚಿದಾಗ ಲಿಂಕ್ ಸಾಯುತ್ತದೆ. ಮನೆ ಮಾರುವಾಗ ವಕೀಲರು ಮೊದಲು ಕೇಳುವುದೇ ಈ ಕಾಗದ.

ಬಿನ್‌ನ ಬಣ್ಣ, ವಾರ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಕಸದ ಗುತ್ತಿಗೆಗಳು ಬೇರೆ ಬೇರೆ ವರ್ಷ ಮುಗಿಯುತ್ತವೆ.

ಹೊಸ ಹೆಸರಿನ ಮೊದಲ ಬಿಲ್ಲು ಬಂದಾಗ ಖಾತೆ ಸಂಖ್ಯೆ, ಡೈರೆಕ್ಟ್ ಡೆಬಿಟ್ ತಾರೀಖು, ಒಬ್ಬರೇ ಇರುವವರಾದರೆ ಶೇ 25ರ ರಿಯಾಯಿತಿ, ಮೂರನ್ನೂ ಹಳೆಯ ಬಿಲ್ಲಿನ ಪಕ್ಕ ಇಟ್ಟು ನೋಡಿ. ಆ ಹೊತ್ತಿಗೆ ಫೋನ್ ಮಾಡಿ ಬ್ಯಾಂಕ್ ವಿವರ ಕೇಳುವವರಿಗೆ ಏನೂ ಹೇಳಬೇಡಿ. ಬಿಲ್ಲಿನಲ್ಲಿ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ.